ಮೋನೋ ಲೇಕ್ ಬಯಲಲ್ಲಿ ಬಿಟ್ಟಿ ಕ್ಯಾಂಪಿಂಗ್: ಬಾಡಿಗೆ ಇಲ್ಲ, ನಲ್ಲಿಯೂ ಇಲ್ಲ

ಬೇಸಿಗೆಯ ವೀಕೆಂಡಿಗೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗೆ ಕ್ಯಾಂಪ್‌ಸೈಟ್ ಸಿಗದೆ ಒದ್ದಾಡುವವರಿಗೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಬೆಟ್ಟದ ಮೇಲಿನ ಟಯೋಗಾ ಪಾಸ್ ದಾಟಿ ಆಚೆ ಇಳೀರಿ, ಮೋನೋ ಲೇಕ್ ಹತ್ರ ಎಲ್ಲಿ ಬೇಕಾದ್ರೂ ಟೆಂಟ್ ಹಾಕ್ಬೋದು, ಫ್ರೀ." ಇದರಲ್ಲಿ ಅರ್ಧ ನಿಜ. ಫ್ರೀ ಹೌದು. ಎಲ್ಲಿ ಬೇಕಾದರೂ ಹಾಕುವ ಹಾಗಿಲ್ಲ, ನೀರಿನ ಅಂಚಿನಲ್ಲಂತೂ ಸುತರಾಂ ಇಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಹೋದವರು ರಾತ್ರಿ ಹತ್ತಕ್ಕೆ ರೇಂಜರ್ ಬಂದು ಎಬ್ಬಿಸಿದಾಗ ಟೆಂಟು ಕಿತ್ತುಕೊಂಡು ಹೊರಡಬೇಕಾಗುತ್ತದೆ.

ಜಾಗ ಇರುವುದು ಕ್ಯಾಲಿಫೋರ್ನಿಯಾದ ಪೂರ್ವ ಸಿಯೆರಾ ತಪ್ಪಲಲ್ಲಿ, ಲೀ ವೈನಿಂಗ್ ಎಂಬ ಪುಟ್ಟ ಊರಿನ ಪಕ್ಕ, ಸಮುದ್ರಮಟ್ಟದಿಂದ ಸುಮಾರು 6,400 ಅಡಿ ಎತ್ತರದಲ್ಲಿ. ಸುತ್ತಲಿನ ನೆಲದ ಬಹುಪಾಲು ಇನ್ಯೋ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ್ದು. ಅದರೊಳಗೆ ಸರೋವರದ ಸುತ್ತಲಿನ ಭಾಗವನ್ನು 1984ರಲ್ಲಿ ಮೋನೋ ಬೇಸಿನ್ ಸೀನಿಕ್ ಏರಿಯಾ ಎಂದು ಘೋಷಿಸಿದರು. ಇಲ್ಲಿನ ಬಿಟ್ಟಿ ಕ್ಯಾಂಪಿಂಗಿಗೆ ಬುಕಿಂಗ್ ಇಲ್ಲ, ಸೈಟ್ ನಂಬರ್ ಇಲ್ಲ, ಮೇಜು ಬೆಂಚು ಇಲ್ಲ, ಕಕ್ಕಸು ಇಲ್ಲ, ಕಸದ ಡಬ್ಬಿ ಇಲ್ಲ, ಕುಡಿಯುವ ನೀರು ಇಲ್ಲ. ನಮ್ಮೂರ ಕಡೆ, ಕರ್ನಾಟಕದಲ್ಲಿ, ಅರಣ್ಯ ಇಲಾಖೆಯ ಅನುಮತಿ, ಜೊತೆಗೊಬ್ಬ ಗೈಡು ಎಂದು ಓಡಾಡಿ ಬೇಸತ್ತವರಿಗೆ ಕಾಡಿನ ನೆಲದಲ್ಲಿ ಹೀಗೆ ಸುಮ್ಮನೆ ಮಲಗಬಹುದು ಎನ್ನುವುದೇ ಹಬ್ಬದಂತೆ ಕಾಣಿಸಬಹುದು. ನಿಯಮವಿಲ್ಲ ಎಂದಲ್ಲ. ನಿಯಮ ಇದೆ, ಅದನ್ನು ಹೇಳುವ ಬೋರ್ಡು ಎಲ್ಲ ಕಡೆ ಇಲ್ಲ, ಅಷ್ಟೆ.

ಮೊದಲು ಗಡಿಯ ಲೆಕ್ಕ. 1941ರಲ್ಲಿ ಲಾಸ್ ಏಂಜಲೀಸ್ ನಗರ ಈ ಸರೋವರಕ್ಕೆ ಬರುವ ತೊರೆಗಳ ನೀರನ್ನು ತಿರುಗಿಸಿಕೊಳ್ಳಲು ಶುರುಮಾಡಿತು. ಆಗ ನೀರಿನ ಮಟ್ಟ 6,417 ಅಡಿ ಇತ್ತು, 1982ರ ಹೊತ್ತಿಗೆ 6,372ಕ್ಕೆ ಇಳಿಯಿತು. 1994ರಲ್ಲಿ ರಾಜ್ಯದ ಜಲಮಂಡಳಿ 6,392 ಅಡಿಗೆ ಏರಿಸಬೇಕೆಂದು ಆದೇಶಿಸಿತು, ಇನ್ನೂ ಅಲ್ಲಿಗೆ ಮುಟ್ಟಿಲ್ಲ. ನೀರು ಹಿಂದೆ ಸರಿದು ಬಯಲಾದ ನೆಲವೆಲ್ಲ ರಾಜ್ಯದ ತೂಫಾ (ಸುಣ್ಣದ ಕಲ್ಲುಗಂಬ) ನಿಸರ್ಗ ಮೀಸಲು ಪ್ರದೇಶ. ಅಲ್ಲಿ ರಾತ್ರಿ ತಂಗುವಂತಿಲ್ಲ. ಅಂದರೆ 1941ರ ದಡದಿಂದ ಮೇಲೆ ಮಾತ್ರ ಟೆಂಟು. ಇಳಿಜಾರು ಎಷ್ಟು ನಿಧಾನವೆಂದರೆ ಕೆಲವು ಕಡೆ ಹಳೆಯ ದಡಕ್ಕೂ ಈಗಿನ ನೀರಿಗೂ ಒಂದು ಕಿಲೋಮೀಟರಿಗೂ ಹೆಚ್ಚು ಅಂತರ. ಟೆಂಟಿನಿಂದ ಎರಡು ನಿಮಿಷ ನಡೆದು ನೀರಲ್ಲಿ ಕಾಲಿಡಬಹುದಾದರೆ ನೀವಿರುವ ಜಾಗ ತಪ್ಪು.

ಗಡಿಯನ್ನು ಫೋನಿನ ಆಲ್ಟಿಟ್ಯೂಡ್ ಅಂಕಿ ನೋಡಿ ಹುಡುಕಬೇಡಿ, ಅದು ಹತ್ತಾರು ಅಡಿ ಆಚೀಚೆ ತೋರಿಸುತ್ತದೆ. ಎತ್ತರದ ಗೆರೆಗಳನ್ನು ತೋರಿಸುವ ಟೊಪೊ ನಕ್ಷೆ ಇರುವ ಆ್ಯಪಿನಲ್ಲಿ ಈ ಪ್ರದೇಶವನ್ನು ಮನೆಯಲ್ಲೇ ಇಳಿಸಿಕೊಂಡು, ನೀಲಿ ಚುಕ್ಕೆ 6,420 ಅಡಿಯ ಸಮೋನ್ನತ ರೇಖೆಯ ಯಾವ ಕಡೆ ಇದೆ ಎಂದು ನೋಡಿ. ಅಡ್ಡಡ್ಡದ ಅಳತೆಯಲ್ಲಿ ಜಿಪಿಎಸ್ ತಪ್ಪುವುದು ಕಡಿಮೆ. ಅರಣ್ಯ ಇಲಾಖೆಯ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಉಚಿತವಾಗಿ ಸಿಗುತ್ತದೆ, ಯಾವ ಮಣ್ಣುರಸ್ತೆಗೆ ಗಾಡಿ ಇಳಿಸಬಹುದು ಎನ್ನುವುದು ಅದರಲ್ಲಿದೆ. ನಡುನಡುವೆ ಲಾಸ್ ಏಂಜಲೀಸ್ ಜಲ ಮತ್ತು ವಿದ್ಯುತ್ ಇಲಾಖೆಯ ಜಮೀನೂ ಖಾಸಗಿ ಜಮೀನೂ ಸೇರಿಕೊಂಡಿವೆ. ಎರಡರಲ್ಲೂ ರಾತ್ರಿ ತಂಗಲು ಬಿಡುವುದಿಲ್ಲ. ತೊರೆಯ ಪಕ್ಕದ ಹಸಿರು ಹುಲ್ಲುಗಾವಲು ಕಂಡು ಬಾಯಲ್ಲಿ ನೀರೂರಿದರೆ ಅದು ಬಹುಮಟ್ಟಿಗೆ ಇಂಥದೇ ಜಮೀನು ಎಂದುಕೊಳ್ಳಿ.

ಕಾಗದಪತ್ರ ಎರಡು. ಒಂದು, ಸೀನಿಕ್ ಏರಿಯಾದೊಳಗೆ ತಂಗಲು ಬೇಕಾದ ಉಚಿತ ಪರ್ಮಿಟ್. ಲೀ ವೈನಿಂಗಿನ ಉತ್ತರಕ್ಕೆ 395 ಹೆದ್ದಾರಿಯ ಪಕ್ಕದಲ್ಲೇ ಇರುವ ವಿಸಿಟರ್ ಸೆಂಟರಿನಲ್ಲಿ ಇದರ ಬಗ್ಗೆ ಕೇಳಿ. ಆ ವರ್ಷ ಯಾವ ರಸ್ತೆ, ಯಾವ ಜಾಗ ಮುಚ್ಚಿದೆ ಎನ್ನುವುದನ್ನೂ ನಕ್ಷೆ ಮುಂದಿಟ್ಟುಕೊಂಡು ಅಲ್ಲೇ ಕೇಳಬೇಕು. ಸೆಂಟರು ಚಳಿಗಾಲದಲ್ಲಿ ಮುಚ್ಚಿರುತ್ತದೆ, ಉಳಿದ ಕಾಲದಲ್ಲೂ ಸಂಜೆ ಬೇಗ ಬಾಗಿಲು ಹಾಕುತ್ತಾರೆ. ಶುಕ್ರವಾರ ಆಫೀಸು ಮುಗಿಸಿ ಹೊರಟರೆ ಅದು ತೆರೆದಿರುವ ಹೊತ್ತಿಗೆ ಮುಟ್ಟುವುದು ಅಸಾಧ್ಯ. ಎರಡನೆಯದು ಕ್ಯಾಲಿಫೋರ್ನಿಯಾ ಕ್ಯಾಂಪ್‌ಫೈರ್ ಪರ್ಮಿಟ್. ಸೌದೆ ಉರಿಸದೆ ಬರೀ ಗ್ಯಾಸ್ ಸ್ಟವ್ ಹಚ್ಚುವುದಕ್ಕೂ ಇದು ಬೇಕು. ಆನ್‌ಲೈನಿನಲ್ಲಿ ಸಣ್ಣ ವಿಡಿಯೊ ನೋಡಿ ನಾಲ್ಕು ಪ್ರಶ್ನೆಗೆ ಉತ್ತರಿಸಿದರೆ ಪುಕ್ಕಟೆ ಸಿಗುತ್ತದೆ, ಆ ಕ್ಯಾಲೆಂಡರ್ ವರ್ಷದ ಕೊನೆಯವರೆಗೆ ನಡೆಯುತ್ತದೆ. ಪ್ರಿಂಟು ತೆಗೆದೋ ಫೋನಿನಲ್ಲಿ ಸೇವ್ ಮಾಡಿಯೋ ಇಟ್ಟುಕೊಳ್ಳಿ, ಅಲ್ಲಿ ಸಿಗ್ನಲ್ ನಂಬಿಕೊಂಡು ಕೂರಬೇಡಿ. ಬೇಸಿಗೆ ಬಲಿತ ಮೇಲೆ ಬೆಂಕಿ ನಿರ್ಬಂಧ ಬಂದರೆ ಬಯಲಿನ ಕ್ಯಾಂಪುಗಳಲ್ಲಿ ಸೌದೆ ಮತ್ತು ಇದ್ದಿಲು ಪೂರ್ತಿ ಬಂದ್, ಪರ್ಮಿಟ್ ಇದ್ದವರಿಗೆ ಗ್ಯಾಸ್ ಸ್ಟವ್ ಮಾತ್ರ. ಹೊರಡುವ ಹಿಂದಿನ ದಿನ ಇನ್ಯೋ ಅರಣ್ಯದ ಆದೇಶ ನೋಡಿ ಹೊರಡುವುದು ಒಳ್ಳೆಯದು.

ಇನ್ನು ಯಾವ ದಿಕ್ಕಿಗೆ ಹೋಗಬೇಕು? ದಕ್ಷಿಣಕ್ಕೆ ಎಂದು ಕಣ್ಣುಮುಚ್ಚಿ ಹೇಳಬಹುದು, ಕಾರಣ ಗಾಳಿ. ಮಧ್ಯಾಹ್ನ ಕಳೆದ ಮೇಲೆ ಸಿಯೆರಾ ಕಡೆಯಿಂದ, ಅಂದರೆ ನೈಋತ್ಯದಿಂದ, ಜೋರು ಗಾಳಿ ಇಳಿಯುತ್ತದೆ. ಅದು ಒಣಗಿದ ಸರೋವರದ ತಳದಿಂದ ಎಬ್ಬಿಸುವ ಕ್ಷಾರದ ಧೂಳೆಲ್ಲ ಉತ್ತರ ಮತ್ತು ಈಶಾನ್ಯ ದಡಕ್ಕೆ ಬಡಿಯುತ್ತದೆ. ಈ ಕಣಿವೆಯ ಧೂಳಿನ ಪ್ರಮಾಣ ಫೆಡರಲ್ ಮಿತಿಯನ್ನೇ ಮೀರಿದೆ. ಉಬ್ಬಸ ಇದ್ದವರು ಉತ್ತರ ದಡದ ಕಡೆ ತಲೆಯಿಟ್ಟು ಮಲಗಬಾರದು. ಪೂರ್ವ ದಡ ನಿರ್ಜನ, ನೋಟವೂ ಚೆನ್ನ, ಆದರೆ ಮರಳು ಆಳ. ಫೋರ್‌ವೀಲ್ ಡ್ರೈವ್ ಜೊತೆಗೆ ಇನ್ನೊಂದು ಗಾಡಿಯೂ ಇಲ್ಲದೆ ಅತ್ತ ಸುಳಿಯಬೇಡಿ.

ದಕ್ಷಿಣದಲ್ಲಿ 120 ಪೂರ್ವ ರಸ್ತೆ ಹಿಡಿದು ಮೋನೋ ಮಿಲ್ಸ್ ಕಡೆ ಹೋದರೆ ಪೊದೆಯ ಬಯಲು ಮುಗಿದು ಜೆಫ್ರಿ ಪೈನ್ ಕಾಡು ಶುರುವಾಗುತ್ತದೆ. ಬೋಡಿ ಗಣಿ ಊರಿಗೆ ಮರ ಕೊಯ್ದು ಕಳಿಸುತ್ತಿದ್ದದ್ದು ಇಲ್ಲಿಂದ. ನಮ್ಮ ಮತ ಈ ಕಾಡಿಗೇ. ಸರೋವರ ಟೆಂಟಿನ ಬಾಗಿಲಿಗೆ ಕಾಣುವುದಿಲ್ಲ ನಿಜ, ಆದರೆ ಗಾಳಿಗೆ ಅಡ್ಡ ಇದೆ, ಮಧ್ಯಾಹ್ನಕ್ಕೆ ನೆರಳಿದೆ, ಮರದ ತೊಗಟೆಗೆ ಮೂಗಿಟ್ಟರೆ ವೆನಿಲ್ಲಾ ವಾಸನೆ. ಹೆದ್ದಾರಿಯಿಂದ ಒಳಕ್ಕೆ ಹೋಗುವ ಮಣ್ಣುರಸ್ತೆಗಳಲ್ಲಿ, ಹಿಂದೆ ಯಾರೋ ತಂಗಿ ನೆಲ ಗಟ್ಟಿಯಾಗಿರುವ, ಕಲ್ಲಿನ ಒಲೆ ಉಂಗುರ ಇರುವ ಜಾಗವನ್ನೇ ಆರಿಸಿ. ಹೊಸ ಜಾಗಕ್ಕೆ ಪೊದೆ ಸವರಿ ದಾರಿ ಮಾಡಬಾರದು. ಗಾಡಿ ರಸ್ತೆಯ ಅಂಚಿನಿಂದ ಒಂದು ಗಾಡಿಯುದ್ದದೊಳಗೇ ನಿಲ್ಲಬೇಕು. ಒಣ ಹುಲ್ಲಿನ ಮೇಲೆ ನಿಲ್ಲಿಸಿದರೆ ಬಿಸಿ ಸೈಲೆನ್ಸರಿಗೆ ಕಿಡಿ ಹತ್ತಲು ಹೆಚ್ಚು ಹೊತ್ತು ಬೇಡ.

ಈ ನೆಲದ ಮರಳು ಸಮುದ್ರದ ಮರಳಲ್ಲ, ಜ್ವಾಲಾಮುಖಿ ಉಗುಳಿದ ಪ್ಯೂಮಿಸ್. ಕಡಲೆಪುರಿಯ ರಾಶಿಯಂತೆ ಹಗುರ, ತುಳಿದಷ್ಟೂ ಸರಿಯುತ್ತದೆ. ನೋಡಲು ಗಟ್ಟಿ ರಸ್ತೆಯಂತಿದ್ದರೂ ನಡುವೆ ಹತ್ತು ಅಡಿ ಸಡಿಲ ಸಿಕ್ಕರೆ ಮುಂದಿನ ಚಕ್ರಕ್ಕೆ ಮಾತ್ರ ಎಂಜಿನ್ ಬಲ ಸಿಗುವ ಸೆಡಾನ್ ಕುಂತುಬಿಡುತ್ತದೆ. ಅನುಮಾನ ಬಂದ ಕಡೆ ಮೊದಲು ಇಳಿದು ನಡೆದು ನೋಡಿ. ಶೂ ಹಿಮ್ಮಡಿ ಎರಡು ಇಂಚು ಇಳಿದರೆ ಅಲ್ಲಿಂದಲೇ ವಾಪಸ್. ಆಲ್‌ವೀಲ್ ಡ್ರೈವ್ ಇದ್ದವರು ಟೈರಿನ ಗಾಳಿಯನ್ನು 35 ಪಿಎಸ್‌ಐನಿಂದ 20ರ ಆಸುಪಾಸಿಗೆ ಇಳಿಸಿದರೆ ಹಿಡಿತ ಬಹಳ ಹೆಚ್ಚುತ್ತದೆ, ಆದರೆ ವಾಪಸ್ ಡಾಂಬರಿಗೆ ಹತ್ತುವ ಮೊದಲು ತುಂಬಿಸಲು 12 ವೋಲ್ಟಿನ ಕಂಪ್ರೆಸರ್ ಡಿಕ್ಕಿಯಲ್ಲಿರಬೇಕು. ಹೂತುಕೊಂಡರೆ ಆಕ್ಸಿಲರೇಟರ್ ಒತ್ತುವುದು ಮೊದಲ ತಪ್ಪು, ಪ್ರತಿ ಸುತ್ತಿಗೂ ಚಕ್ರ ಇನ್ನೊಂದು ಇಂಚು ಇಳಿದು ಕೊನೆಗೆ ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆ. ನಾಲ್ಕೂ ಚಕ್ರದ ಮುಂದೆ ಹಿಂದೆ ಸಲಿಕೆಯಲ್ಲಿ ಮರಳು ತೆಗೆದು ಇಳಿಜಾರು ಮಾಡಿ, ಎಂಜಿನ್ ತಿರುಗಿಸುವ ಚಕ್ರಗಳ ಕೆಳಗೆ ಹಲಗೆ ತುಂಡೋ, ಗತಿಯಿಲ್ಲದಿದ್ದರೆ ಕಾರಿನ ಫ್ಲೋರ್ ಮ್ಯಾಟೋ ತುರುಕಿ, ಸ್ಟೀರಿಂಗ್ ನೇರ ಇಟ್ಟು, ಬಂದ ದಾರಿಯಲ್ಲೇ ಮೆಲ್ಲಗೆ ರಿವರ್ಸ್ ಹೊರಡಿ. ಬಾಡಿಗೆ ಕಾರಿನ ಒಪ್ಪಂದಗಳು ಸಾಮಾನ್ಯವಾಗಿ ಮಣ್ಣುರಸ್ತೆಗೆ ಒಪ್ಪುವುದಿಲ್ಲ, ರೋಡ್‌ಸೈಡ್ ಸೇವೆಯವರೂ ಡಾಂಬರು ಬಿಟ್ಟರೆ ಬಹುಪಾಲು ಬರುವುದಿಲ್ಲ. ಟೋ ಗಾಡಿ ಕರೆಸಿದರೆ ಬಿಟ್ಟಿ ಕ್ಯಾಂಪಿಂಗಿನ ಲೆಕ್ಕ ಅಲ್ಲಿಗೆ ತಲೆಕೆಳಗು.

ಅದೇ ಪ್ಯೂಮಿಸ್ ಟೆಂಟಿಗೂ ಕಾಟ. ಟೆಂಟಿನ ಜೊತೆ ಬರುವ ತೆಳು ಗೂಟಗಳು ಇಲ್ಲಿ ಬೆರಳಲ್ಲಿ ಎತ್ತಿದರೆ ಕಿತ್ತು ಬರುತ್ತವೆ. ಬೆಳಿಗ್ಗೆ ಗಾಳಿಯಿಲ್ಲದಾಗ ಟೆಂಟು ನಿಲ್ಲಿಸಿ ದಕ್ಷಿಣ ದಡದ ಸೌತ್ ತೂಫಾ ಕಲ್ಲುಗಂಬಗಳನ್ನು ನೋಡಲು ಹೋದವರಿಗೆ ವಾಪಸ್ ಬಂದಾಗ ಟೆಂಟು ಪಕ್ಕದ ಪೊದೆಯಲ್ಲಿ ಸಿಕ್ಕುವುದುಂಟು. ಪರಿಹಾರ ಸುಲಭ, ಬೆವರು ಮಾತ್ರ ಸುರಿಸಬೇಕು. ಪ್ರತಿ ಹಗ್ಗದ ತುದಿಗೆ ಒಂದು ಅಡಿ ಆಳದ ಗುಂಡಿ ತೋಡಿ. ಬಟ್ಟೆಯ ಚೀಲವೊಂದಕ್ಕೆ ಮರಳು ತುಂಬಿ ಬಾಯಿ ಬಿಗಿದು, ಹಗ್ಗವನ್ನು ಚೀಲದ ನಡುವಿಗೆ ಕಟ್ಟಿ. ಹಗ್ಗ ಎಳೆಯುವ ದಿಕ್ಕಿಗೆ ಅಡ್ಡವಾಗಿ ಚೀಲ ಮಲಗಿಸಿ ಮಣ್ಣು ಮುಚ್ಚಿ ಚೆನ್ನಾಗಿ ತುಳಿಯಿರಿ. ತುಳಿಯುವ ಮೊದಲು ಒಂದೆರಡು ಲೋಟ ನೀರು ಹಾಕಿದರೆ ಇನ್ನೂ ಬಿಗಿ, ಆದರೆ ಇಲ್ಲಿ ಆ ನೀರಿಗೂ ಲೆಕ್ಕವಿದೆ. ಹಳೆಯ ಅಕ್ಕಿ ಚೀಲವನ್ನು ನಾಲ್ಕು ತುಂಡು ಮಾಡಿ ಹೊಲಿಸಿಕೊಂಡು ಬಂದರೆ ಇದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಟೆಂಟಿನ ತಗ್ಗು ಬದಿ ನೈಋತ್ಯಕ್ಕೆ ಇರಲಿ, ಬಾಗಿಲು ಅದರ ಎದುರು ದಿಕ್ಕಿಗೆ.

ನೀರಿನ ಮಾತಿಗೆ ಬಂದರೆ, ಕಣ್ಣೆದುರಿಗೇ ಅಷ್ಟು ದೊಡ್ಡ ಸರೋವರ ಇದ್ದರೂ ಒಂದು ಲೋಟ ಉಪಯೋಗಕ್ಕೆ ಬರುವುದಿಲ್ಲ. ಉಪ್ಪು ಸಮುದ್ರದ ಎರಡು ಪಟ್ಟಿಗೂ ಹೆಚ್ಚು, ಪಿಎಚ್ ಸುಮಾರು 10. ಟ್ರೆಕಿಂಗಿಗೆ ಕೊಂಡ ಫಿಲ್ಟರ್ ಕೀಟಾಣು ತಡೆಯುತ್ತದೆಯೇ ಹೊರತು ಕರಗಿದ ಉಪ್ಪನ್ನಲ್ಲ, ಕುದಿಸಿದರೆ ಉಪ್ಪು ಇನ್ನಷ್ಟು ಗಟ್ಟಿ. ತಲೆಗೆ ದಿನಕ್ಕೆ ಒಂದು ಗ್ಯಾಲನ್ ಎನ್ನುವುದು ಕುಡಿಯಲು, ಅಡಿಗೆಗೆ ಮಾತ್ರ. ನಾಲ್ಕು ಜನ ಎರಡು ರಾತ್ರಿ ಮೂರು ಹಗಲು ಇದ್ದರೆ 12 ಗ್ಯಾಲನ್, ಕೈಕಾಲು ಪಾತ್ರೆಗೆ ಇನ್ನೂ ಮೂರು ಸೇರಿಸಿ 15. ತೂಕ 125 ಪೌಂಡು, ಅಂದರೆ ಗಾಡಿಯಲ್ಲಿ ಇನ್ನೊಬ್ಬ ಆಳು ಕೂತ ಲೆಕ್ಕ. ಎತ್ತರ, ಒಣಹವೆ ಎರಡೂ ಸೇರಿ ಬಾಯಾರಿಕೆ ಗೊತ್ತಾಗುವ ಮೊದಲೇ ತಲೆನೋವು ಹಿಡಿಯುತ್ತದೆ, ನೀರಲ್ಲಿ ಜಿಪುಣತನ ಬೇಡ.

ಅಡಿಗೆಯಲ್ಲಿ ನಮ್ಮವರು ಎಡವುವುದು ಎರಡು ಕಡೆ. ಈ ಎತ್ತರದಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಮನೆಗಿಂತ ಬಹಳ ಹೊತ್ತು ಹಿಡಿಯುತ್ತದೆ. ಮೂರು ಲೀಟರಿನ ಕುಕ್ಕರ್ ಒಯ್ಯಿರಿ, ಮನೆಗಿಂತ ಒಂದೆರಡು ವಿಷಲ್ ಹೆಚ್ಚು ಕೂಗಿಸಿ. ಅದಕ್ಕಿಂತ ಜಾಣತನವೆಂದರೆ ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ, ಚಪಾತಿ, ಚಟ್ನಿಪುಡಿಯಲ್ಲಿ ಎರಡು ದಿನ ದೂಡುವುದು. ತೊಳೆಯುವ ಪಾತ್ರೆಯೂ ಕಡಿಮೆ.

ಎರಡನೆಯದು ಸ್ಟವ್. ಏಷ್ಯನ್ ಅಂಗಡಿಯಲ್ಲಿ ಸಿಗುವ, ಪಕ್ಕದಲ್ಲಿ ಉದ್ದ ಕ್ಯಾನ್ ಕೂರುವ ಬ್ಯೂಟೇನ್ ಒಲೆ ನಮ್ಮ ಎಲ್ಲರ ಮನೆಯಲ್ಲೂ ಇದೆ. ಬ್ಯೂಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರಿನ ಬೆಳಿಗ್ಗೆ ಕ್ಯಾನ್ ಅಲುಗಿಸಿದರೆ ಒಳಗೆ ಗಳಗಳ ಸದ್ದು ಬರುತ್ತದೆ, ಬರ್ನರಿನಲ್ಲಿ ಜ್ವಾಲೆ ಬರುವುದಿಲ್ಲ, ಕಾಫಿಯೂ ಇಲ್ಲ. ಕ್ಯಾನನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನ ಬುಡದಲ್ಲಿಟ್ಟುಕೊಂಡರೆ ಒಂದು ಹೊತ್ತಿಗಾಗುತ್ತದೆ. ಅದನ್ನು ಬೆಂಕಿಗೆ ಹಿಡಿದು ಕಾಯಿಸುವ ಸಾಹಸ ಬೇಡವೇ ಬೇಡ. ಕುಕ್ಕರಿನ ಅಥವಾ ದೋಸೆ ಹಂಚಿನ ಅಂಚು ಕ್ಯಾನಿನ ಮೇಲೆ ಚಾಚಿಕೊಂಡರೂ, ಗಾಳಿಗೆಂದು ಸುತ್ತ ತಗಡು ಕಟ್ಟಿದರೂ ಶಾಖ ಕ್ಯಾನಿಗೆ ತಿರುಗಿ ಅದು ಸಿಡಿಯುವ ಅಪಾಯವಿದೆ. ಒಂದು ಪೌಂಡಿನ ಹಸಿರು ಪ್ರೊಪೇನ್ ಸಿಲಿಂಡರಿನ ಎರಡು ಬರ್ನರ್ ಸ್ಟವ್ ಇಲ್ಲಿಗೆ ಸರಿ. ಪ್ರೊಪೇನಿಗೆ ಈ ಚಳಿ ಲೆಕ್ಕಕ್ಕಿಲ್ಲ, ಮುಚ್ಚಳ ಮತ್ತು ಪಕ್ಕದ ರೆಕ್ಕೆಗಳೇ ಗಾಳಿ ತಡೆಯುತ್ತವೆ.

ಚಳಿಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ಜುಲೈ ಮಧ್ಯಾಹ್ನ 80 ಫ್ಯಾರನ್‌ಹೀಟ್ ದಾಟಿದರೂ ರಾತ್ರಿ 50ರ ಆಸುಪಾಸಿಗೆ ಇಳಿಯುತ್ತದೆ, ಅಕ್ಟೋಬರಿನಲ್ಲಿ ನೀರಿನ ಕ್ಯಾನಿನ ಮೇಲೆ ಐಸು ಕಟ್ಟಬಹುದು. 20 ಡಿಗ್ರಿ ಫ್ಯಾರನ್‌ಹೀಟಿನ ಸ್ಲೀಪಿಂಗ್ ಬ್ಯಾಗ್ ಹೆಚ್ಚೇನಲ್ಲ. ಮೇಲೆ ರಗ್ಗು ಹೊದ್ದು, ಕೆಳಗೆ ಬರೀ ಚಾಪೆ ಹಾಸಿದರೆ ನೆಲದ ತಂಡಿ ಬೆನ್ನಿಂದ ಹತ್ತುತ್ತದೆ. ಹಾಸುವ ಪ್ಯಾಡಿಗೇ ದುಡ್ಡು ಹಾಕಿ.

ಬಯಲ ಕಡೆ ಹೋಗುವುದಕ್ಕೂ ಕ್ರಮ ಇದೆ. ನೀರು, ದಾರಿ, ಟೆಂಟು ಎಲ್ಲದರಿಂದ 200 ಅಡಿ ದೂರ, 6ರಿಂದ 8 ಇಂಚು ಆಳದ ಗುಂಡಿ, ಮುಗಿದ ಮೇಲೆ ಮುಚ್ಚುವುದು, ಟಿಶ್ಯೂ ಕಾಗದ ಜಿಪ್ ಚೀಲದಲ್ಲಿ ವಾಪಸ್. ಇಲ್ಲಿ ಮಳೆ ಕಡಿಮೆ, ಮಣ್ಣಲ್ಲಿ ಸತ್ವವಿಲ್ಲ, ಹೂತದ್ದು ಕೊಳೆಯಲು ಬಹಳ ಕಾಲ ಬೇಕು, ಗಾಳಿ ಬೀಸಿ ಮತ್ತೆ ಮೇಲೆ ಬರುವುದೂ ಉಂಟು. ಹಾಗಾಗಿ ಗಟ್ಟಿಯಾಗಿಸುವ ಪುಡಿ ಇರುವ ಟಾಯ್ಲೆಟ್ ಚೀಲಗಳೇ ಮೇಲು. ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಮುಚ್ಚಳದ ಬಕೆಟ್ಟು, ಮರೆಗೊಂದು ಪುಟ್ಟ ಟೆಂಟು ತನ್ನಿ. ಹಗಲಲ್ಲಿ ಸೌತ್ ತೂಫಾ ಪಾರ್ಕಿಂಗಿನ ಮತ್ತು ಉತ್ತರ ದಡದ ಕೌಂಟಿ ಪಾರ್ಕಿನ ಕಕ್ಕಸು ಸಿಗುತ್ತವೆ. ಎರಡು ಕಡೆಯೂ ರಾತ್ರಿ ತಂಗುವಂತಿಲ್ಲ.

ಕರಡಿ ಬಯಲಿಗಿಂತ ಲೀ ವೈನಿಂಗ್ ಕಣಿವೆಯ ಕಡೆ ಹೆಚ್ಚು, ಆದರೂ ತುಪ್ಪ, ಉಪ್ಪಿನಕಾಯಿ, ಟೂತ್‌ಪೇಸ್ಟ್ ಯಾವುದೂ ಟೆಂಟಿನಲ್ಲಿ ಬೇಡ, ಕರಡಿಗೆ ತೆರೆಯಲಾಗದ ಡಬ್ಬಿಯಲ್ಲಿ (ಬೇರ್ ಕ್ಯಾನಿಸ್ಟರ್) ಇಡಿ. ಅದಕ್ಕಿಂತ ಹತ್ತಿರದ ಚಿಂತೆ ಇಲಿ. ಮೋನೋ ಕೌಂಟಿಯಲ್ಲಿ ಡಿಯರ್ ಮೌಸ್ ಇಲಿಗಳಿಂದ ಹಂಟಾವೈರಸ್ ಸೋಂಕು ಆಗಾಗ ಕಾಣಿಸಿಕೊಳ್ಳುತ್ತದೆ. ಬಿಲಗಳ ಬಳಿ, ಸೌದೆ ರಾಶಿಯ ಬಳಿ ಟೆಂಟು ಬೇಡ, ಅವಲಕ್ಕಿ ಚೆಲ್ಲಿದರೆ ಆಗಲೇ ಆರಿಸಿ ತೆಗೆಯಿರಿ. ದಡದ ಉದ್ದಕ್ಕೂ ಕಪ್ಪು ಪಟ್ಟಿಯಂತೆ ಕೂತ ಕ್ಷಾರನೊಣಗಳು ಮಾತ್ರ ನಿರಪಾಯ, ಕಚ್ಚುವುದಿಲ್ಲ, ಅನ್ನದ ಮೇಲೂ ಕೂರುವುದಿಲ್ಲ.

ಸರೋವರಕ್ಕಿಳಿಯಬಹುದು, ಮೈ ತಾನೇ ತೇಲುತ್ತದೆ, ಮುಟ್ಟಿದರೆ ಸೋಪಿನ ನೀರಿನ ಜಾರು. ಕಣ್ಣಿಗೆ ಬಿದ್ದರೆ ಉರಿ, ಶೇವ್ ಮಾಡಿದ ಗಲ್ಲಕ್ಕೂ ಉರಿ. ಹೊರಗೆ ಬಂದ ಮೇಲೆ ಸಿಹಿನೀರು ಸುರಿದುಕೊಳ್ಳದಿದ್ದರೆ ಚರ್ಮದ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ತಲೆಗೆ ಅರ್ಧ ಗ್ಯಾಲನ್ ಇದಕ್ಕೇ ತೆಗೆದಿಡಿ. ಕಯಾಕ್ ತಂದವರು ಏಪ್ರಿಲ್ 1ರಿಂದ ಆಗಸ್ಟ್ 1ರವರೆಗೆ ದ್ವೀಪಗಳಿಂದ ಒಂದು ಮೈಲಿ ದೂರವಿರಬೇಕು, ಗಲ್ ಹಕ್ಕಿಗಳು ಮರಿಮಾಡುವ ಕಾಲ ಅದು. ಸೌತ್ ತೂಫಾಗೆ ದೊಡ್ಡವರಿಗೆ ತಲಾ 3 ಡಾಲರ್, ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ (ಅಮೆರಿಕ ದ ಬ್ಯೂಟಿಫುಲ್) ಇದ್ದರೆ ಅದೂ ಇಲ್ಲ.

ಖರ್ಚು ಹೊರಡುವುದು ದಾರಿಯಲ್ಲಿ. ಟಯೋಗಾ ರಸ್ತೆ ಯೊಸೆಮಿಟಿಯ ಒಳಗಿಂದಲೇ ಹೋಗುವುದರಿಂದ ಪ್ರವೇಶದ ಪಾಸ್ ಇಲ್ಲದವರಿಗೆ ಗಾಡಿಗೆ 35 ಡಾಲರ್. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಗಮನಿಸಿ: 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ದಾಟಿದವರಿಗೆ ಯೊಸೆಮಿಟಿಯಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಇದೆ. ಉತ್ತರದ 108ರ ಸೊನೋರಾ ಪಾಸ್ ಹಿಡಿದರೆ ಈ ಯಾವ ಶುಲ್ಕವೂ ಇಲ್ಲ, ಆದರೆ 9,624 ಅಡಿ ಏರಬೇಕು, ಕೆಲವು ಕಡೆ 26% ಏರು, ಟ್ರೇಲರ್ ಎಳೆದುಕೊಂಡು ಹೋಗುವ ರಸ್ತೆಯಲ್ಲ. ಈ ಎರಡು ಬೆಟ್ಟದ ದಾರಿಗಳೂ ಹಿಮಕ್ಕೆ ನವೆಂಬರ್ ಸುಮಾರಿಗೆ ಮುಚ್ಚಿದರೆ ತೆರೆಯುವುದು ಮೇ ಅಥವಾ ಜೂನಿನಲ್ಲಿ. ಲೀ ವೈನಿಂಗಿನಲ್ಲಿ ಪೆಟ್ರೋಲು ದುಬಾರಿ, ಬೆಟ್ಟ ಹತ್ತುವ ಮೊದಲೇ ತುಂಬಿಸಿಕೊಳ್ಳಿ.

ಸ್ವಂತ ಸಾಮಾನು, ಎತ್ತರದ ಗಾಡಿ, ಗುಂಡಿ ತೋಡಲು ಬೇಜಾರಿಲ್ಲದ ಸ್ನೇಹಿತರು ಇದ್ದವರಿಗೆ ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಇದು ಪೂರ್ವ ಸಿಯೆರಾದ ಒಳ್ಳೆಯ ಬಿಟ್ಟಿ ಜಾಗಗಳಲ್ಲೊಂದು. ನಕ್ಷತ್ರ ನೋಡಲು ಅಮಾವಾಸ್ಯೆಯ ವಾರ ಸಿಕ್ಕರೆ ಬಿಡಬೇಡಿ. ಮಂಡಿನೋವಿನ ಹಿರಿಯರು, ಡಯಾಪರಿನ ಮಕ್ಕಳು ಇದ್ದರೆ ಲೀ ವೈನಿಂಗ್ ಕಣಿವೆಯ ತೊರೆಯ ಪಕ್ಕದ ದುಡ್ಡಿನ ಕ್ಯಾಂಪ್‌ಗ್ರೌಂಡುಗಳೇ ಸರಿ. ಕಕ್ಕಸು, ಮೇಜು, ಆಹಾರ ಇಡಲು ಕಬ್ಬಿಣದ ಪೆಟ್ಟಿಗೆ ಎಲ್ಲ ಇದೆ. ಬಹುಪಾಲು ಮೊದಲು ಬಂದವರಿಗೆ ಮೊದಲು ಎನ್ನುವ ಕ್ರಮ, ಗುರುವಾರ ಮಧ್ಯಾಹ್ನದೊಳಗೆ ಹೋದರೆ ಜಾಗ ಸಿಗುವ ಸಂಭವ ಹೆಚ್ಚು.